ಬೈಪಾಸಿಗೆ ಮುನ್ನ ಎಂಟುನೂರು ಪುಟ

“ಇದು ಓದುವಂಥ ಪುಸ್ತಕ ಹೌದಾ ಮಾರಾಯ್ರೆ?” ಎಂದು ಠಾಣೆ ನಗರದ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಕೇಳಿದರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲು. ನನ್ನ ಎದೆಯ ಮೇಲಿದ್ದದ್ದು ಸಾಮ್ರಾಜ್ಯವೊಂದರ ಎಂಟುನೂರು ಪುಟಗಳ ಇತಿಹಾಸ. ಮರುದಿನ ಅದೇ ಎದೆಗೆ ಬೈಪಾಸ್. ಶುರು ಮಾಡುವುದು ವಿವೇಕವೇ ಎಂಬ ಗಹನ ಚಿಂತೆಯಲ್ಲಿ ನಾನು ಮುನ್ನುಡಿಯನ್ನೇ ದಾಟಿರಲಿಲ್ಲ. ಅದನ್ನೇ ಹೇಳಿದೆ.

“ಇವತ್ತು ಶುರು ಮಾಡಿ, ಒಂದು ಯುದ್ಧದ ನಡುವೆ ನಿಲ್ಲಿಸಿ. ಯಾರು ಗೆದ್ದದ್ದು ಅಂತ ನೋಡ್ಲಿಕ್ಕಾದ್ರೂ ಎಚ್ಚರ ಆಗ್ಬೇಕಲ್ಲ! ಆಮೇಲೆ ನಂಗೆ ಹೇಳಿ, ಓದ್ಬಹುದಾ ಅಂತ. ನನ್ನ ಆಪರೇಷನ್ ಮುಂದಿನ ವಾರ” ಎಂದು ನಕ್ಕರು. ಕೈಯಲ್ಲಿದ್ದ ನೀರಿನ ಲೋಟವನ್ನು ಮಾತ್ರ ಕುಡಿಯದೆಯೇ ಕೆಳಗಿಟ್ಟರು.

ನನಗೆ ಎಚ್ಚರವಾಯಿತು, ಯುದ್ಧವೂ ಮುಗಿಯಿತು. ಇಂದು ಬೆಳಿಗ್ಗೆ ಅವರನ್ನು ಆಪರೇಷನ್ನಿಗೆ ಕರೆದೊಯ್ದರು. ನನ್ನ ತೀರ್ಪು ಸಿದ್ಧವಾಗಿದೆ: ಅತಿ ಉದ್ದ, ಆದರೂ ಓದಬೇಕು. ಕೇಳಿದವರು ಇನ್ನೂ ಹೊರಗೆ ಬಂದಿಲ್ಲ.