ಬೆನ್ನ ಹಿಂದಿನ ಉತ್ತರ

ಸೈಕಲ್ ರೇಸಿನಲ್ಲಿ ನನ್ನ ಕೆಲಸ ಗೆಲ್ಲುವುದಲ್ಲ. ಗಾಳಿಗೆ ಎದೆಕೊಟ್ಟು ನಾನು ಮುಂದೆ ತುಳಿಯಬೇಕು. ನನ್ನ ಬೆನ್ನಿಗಂಟಿಕೊಂಡು ಬರುವ ಮಧು ಶಕ್ತಿ ಉಳಿಸಿಕೊಂಡು, ಕೊನೆಯ ಇನ್ನೂರು ಮೀಟರಿನಲ್ಲಿ ನನ್ನನ್ನು ದಾಟಿ ನುಗ್ಗಬೇಕು. ಚೆನ್ನೈಯ ಶೋಳಿಂಗನಲ್ಲೂರಿನ ಒಂದೇ ಆಫೀಸಿನವರಾದ ನಾವು ಎರಡು ವರ್ಷ ಹೀಗೇ ಅಭ್ಯಾಸ ಮಾಡಿದ್ದೆವು.

ಆ ಭಾನುವಾರ ಬೆಳಿಗ್ಗೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಕೊನೆಯ ತಿರುವು ದಾಟುತ್ತಿದ್ದಂತೆ ಹಿಂದೆ ಏನೋ ದಡಾರೆಂದಿತು. ತಿರುಗಿ ನೋಡಿದರೆ ವೇಗ ಕಡಿಮೆಯಾಗುತ್ತದೆ.

"ಇದೀಯೇನೋ?" ಎಂದು ಕೂಗಿದೆ.

"ಇದೀನಿ, ತುಳಿ ತುಳಿ!" ಎಂದು ಕನ್ನಡದಲ್ಲೇ ಉತ್ತರ ಬಂತು.

ಇದ್ದ ಉಸಿರನ್ನೆಲ್ಲ ಹಾಕಿ ತುಳಿದು ಪಕ್ಕಕ್ಕೆ ಸರಿದೆ. ನನ್ನನ್ನು ದಾಟಿ ಹೋದವನು ಬೇರೆ ತಂಡದ ಹಳದಿ ಜರ್ಸಿಯವನು. ಗೆದ್ದವನೂ ಅವನೇ. ಮಧು ತಿರುವಿನಲ್ಲೇ ಬಿದ್ದು, ಹೆಗಲ ಮೂಳೆ ಮುರಿದುಕೊಂಡಿದ್ದ.

ಗೆದ್ದವನು ತಾನಾಗಿಯೇ ಹತ್ತಿರ ಬಂದ. "ಸಾರಿ ಸಾರ್. ನಮ್ಮನೇಲೂ ಕನ್ನಡಾನೇ."

"ಅವನು ಬಿದ್ದದ್ದು ನೋಡಿದ್ರಾ?"

"ನೋಡ್ದೆ ಸಾರ್. ಅದಕ್ಕೇ ಅವರ ಜಾಗಕ್ಕೆ ಬಂದೆ."

ಬೈಯಬೇಕೆಂದುಕೊಂಡೆ. ಆದರೆ ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ.

ಆಸ್ಪತ್ರೆಯಲ್ಲಿ ಮಧುವಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು "ಎರಡು ವರ್ಷ ಆಯ್ತಲ್ಲೋ, ನನ್ನ ದನಿ ಗೊತ್ತಾಗ್ಲಿಲ್ವಾ?" ಎಂದು ಕೇಳಿ ಮುಖ ತಿರುಗಿಸಿದ. ಹೆಗಲು ಕೂಡಿಕೊಂಡ ಮೇಲೂ ಅವನು ನನ್ನ ಹಿಂದೆ ಸೈಕಲ್ ತುಳಿಯಲಿಲ್ಲ.

ಚೆನ್ನೈಯಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ನಮ್ಮವರೇ ಎಂದುಕೊಂಡುಬಿಡುವುದು ನನ್ನ ಹಳೇ ಚಾಳಿ. ಈಗ ಮೊದಲು ತಿರುಗಿ ನೋಡುತ್ತೇನೆ.