ಶೇವಂತಕ್ಕ ಚಹಾ ಬಿಟ್ಟಳು

ನಾನು ಗುರುಲಿಂಗ, ಹುಮನಾಬಾದ್–ಬಸವಕಲ್ಯಾಣ ಬಸ್ಸಿನ ಕಂಡಕ್ಟರ್ ಆಗಿದ್ದವನು. ಬಸವಕಲ್ಯಾಣದಲ್ಲಿ ಬಸ್ಸು ತಿರುಗಿದಾಗಲೆಲ್ಲ ನಿಲ್ದಾಣದ ಎದುರಿನ ಶೇವಂತಕ್ಕನ ಹೋಟೆಲಿಗೆ ಹೋಗುತ್ತಿದ್ದೆ. ಹೋಟೆಲು ಎಂದರೆ ತಗಡಿನ ಮಾಡು, ಕೂಡಲು ಎರಡು ಬಾಕು, ಒಂದು ಸ್ಟೋವು, ಮೂಲೆಯ ಹಲಗೆಯ ಮೇಲೊಂದು ಹಳೆಯ ಟೀವಿ. ಆದರೆ ಅವಳ ಕೈಯ ಚಹಾ ಕುಡಿದ ನಾಲಿಗೆ ಬೇರೆ ಚಹಾ ಒಪ್ಪುತ್ತಿರಲಿಲ್ಲ. ಪಾತ್ರೆ ಇಳಿಸುವ ಮುನ್ನ ಮೊದಲ ಗುಟುಕು ತಾನೇ ಕುಡಿದು, ಕಮ್ಮಿ ಬಿದ್ದದ್ದನ್ನು ಹಾಕಿ, ಆಮೇಲೆ ಮಂದಿಗೆ ಕೊಡುವಳು. ಮಂದಿ ಇಲ್ಲದಾಗಲೂ ಅವಳ ಕೈಯಲ್ಲಿ ಕಪ್ಪು-ಬಸಿ ಇದ್ದೇ ಇರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರವಿವಾರ ಮಧ್ಯಾಹ್ನ ಹಿಂದಿಯಲ್ಲಿ ‘ತೂಫಾನವೀರ’ ಎಂಬ ಧಾರಾವಾಹಿ ಬರುತ್ತಿತ್ತು. ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಹಾರುವವನು, ಮುರಿದ ಸೇತುವೆಯನ್ನು ಹೆಗಲ ಮೇಲೆ ಹೊತ್ತು ರೈಲು ದಾಟಿಸುವವನು. ನನಗೆ ಅದೆಲ್ಲ ಹುಡುಗಾಟ. ಶೇವಂತಕ್ಕ ಮಾತ್ರ ಅವನು ತೆರೆಯ ಮೇಲೆ ಬಂದರೆ ಸೆರಗು ಸರಿ ಮಾಡಿಕೊಂಡು ಕೂಡುತ್ತಿದ್ದಳು. ಆಗ ಯಾರಾದರೂ ಚಹಾ ಕೇಳಿದರೆ ಕೇಳಿದವನ ಗತಿ ದೇವರೇ ಬಲ್ಲ.

ಮೊದಲ ಭಾಗದ ಕೊನೆಯ ಕಂತಿನಲ್ಲಿ ವೈರಿಯ ವಿಷಬಾಣ ತಾಗಿ ತೂಫಾನವೀರ ಗುಡ್ಡದಿಂದ ಬಿದ್ದ. ಕಣ್ಣು ಮುಚ್ಚಿದ. ಅಲ್ಲಿಗೆ ಧಾರಾವಾಹಿ ನಿಂತಿತು. ಶೇವಂತಕ್ಕ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

“ಇಂವಾ ಕಣ್ಣು ತೆರಿಯೋತನಕ ನಾ ಚಾ ಮುಟ್ಟಂಗಿಲ್ಲ. ತುಳಜಾಪುರದ ಅಂಬಾಬಾಯಿ ಆಣಿ!”

ನಮ್ಮ ಕಡೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಹೆಂಗಸರು ತಮಗೆ ಬೇಕಾದ ತಿನಿಸೊಂದನ್ನು ಬಿಡುವುದುಂಟು. ಆದರೆ ಟೀವಿಯೊಳಗಿನವನಿಗೆ ಹರಕೆ ಹೊತ್ತವರನ್ನು ನಾನು ಕಂಡಿರಲಿಲ್ಲ. ಅವಳ ಗಂಡ ದಿಗಂಬರ ಕಪ್ಪು ತೊಳೆಯುತ್ತಿದ್ದವನು ತಿರುಗಿ ನೋಡಿದ.

“ನಿನಗ ತಲಿ ಗಿಲಿ ಕೆಟ್ಟದೇನು? ಅಂವಾ ಏನ್ ನಿನ್ನ ಬೀಗನೋ, ಭಾವನೋ?”

“ನಿಮಗ ಟೈಫಾಯ್ಡ್ ಬಂದಾಗ ಬೆಲ್ಲ ಬಿಟ್ಟಿದ್ನಿ. ಅವಾಗ ಯಾಕ ಹಿಂಗ ಕೇಳಲಿಲ್ಲ?”

ದಿಗಂಬರ ಮತ್ತೆ ಕಪ್ಪು ತೊಳೆಯತೊಡಗಿದ.

ಅವಳು ಲೆಕ್ಕ ಹಾಕಿದ್ದು ಎಂಟು ದಿನದ ಮಾತು ಎಂದು. ಮುಂದಿನ ರವಿವಾರ ಅದೇ ಹೊತ್ತಿಗೆ ಟೀವಿಯಲ್ಲಿ ಯಾರೋ ತೊಗರಿಯ ರೋಗದ ಬಗ್ಗೆ ಮಾತಾಡಿದರು. ಅದರ ಮುಂದಿನ ವಾರವೂ ಅಷ್ಟೇ. ಹುಮನಾಬಾದ್ ನಿಲ್ದಾಣದಲ್ಲಿ ಪೇಪರ್ ಮಾರುವ ಬಂದೇನವಾಜ್ ಹಿಂದಿ ಪೇಪರು ಓದಿ ಹೇಳಿದ: “ಎರಡನೇ ಭಾಗ ಬರ್ತದಂತ್ರಿ. ಯಾವಾಗಂತ ಬರ್ದಿಲ್ಲ.”

ಸುದ್ದಿ ಹೊತ್ತು ತರುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸು ನಿಲ್ಲುವುದೇ ತಡ, ಶೇವಂತಕ್ಕ ಸ್ಟೋವಿನ ಹಿಂದಿನಿಂದಲೇ ಕೂಗುತ್ತಿದ್ದಳು: “ಕಂಡಕ್ಟರ್ ಅಣ್ಣಾ, ಏನರ ಸುದ್ದಿ ಬಂತೇನ್ರಿ?”

ಮಳೆಗಾಲ ಹೋಯಿತು, ಚಳಿ ಬಂದು ಹೋಯಿತು. ವಿಷ ಇಳಿಸುವ ಬೇರು ಯಾವ ಗುಡ್ಡದಲ್ಲಿ ಸಿಗುತ್ತದೆ, ತರುವವರು ಯಾರು ಎಂದು ಅವಳೇ ಹತ್ತು ಕಥೆ ಕಟ್ಟಿ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ನನಗೂ ಹುಚ್ಚು ಹತ್ತಿತು. ಖರೇ ಹೇಳಬೇಕೆಂದರೆ, ಧಾರಾವಾಹಿ ನೋಡುವುದಕ್ಕಿಂತ ಅದರ ದಾರಿ ಕಾಯುವುದೇ ಹೆಚ್ಚು ಸುಖವಾಗಿತ್ತು.

ಸುಖವಿಲ್ಲದ್ದು ಚಹಾ ಮಾತ್ರ. ರುಚಿ ನೋಡುವವಳೇ ಬಾಯಿ ಕಟ್ಟಿದ ಮೇಲೆ ಒಂದು ದಿನ ಅದು ಕಷಾಯ, ಇನ್ನೊಂದು ದಿನ ಬೆಲ್ಲದ ಪಾನಕ. ನಾನು ಮೊದಲೇ ಸಿಡುಕ. ಹುಮನಾಬಾದಿನಲ್ಲಿ ಚಹಾ ಕೆಟ್ಟರೆ ಕಪ್ಪು ಕುಕ್ಕಿ ಎದ್ದು ಬರುವವನು. ಇಲ್ಲಿ ಅವಳು ಮುಖ ನೋಡುತ್ತ “ಹ್ಯಾಂಗ ಆಗ್ಯಾದ್ರಿ?” ಎಂದರೆ, “ಬೇಷ್ ಆಗ್ಯಾದ ಅಕ್ಕಾ” ಎನ್ನುತ್ತಿದ್ದೆ. ತಾನು ಬಾಯಿಗೆ ಹಾಕದೆ ಬೆಳಗಿನಿಂದ ನಮಗಾಗಿ ಕಾಸುತ್ತ ನಿಂತವಳಿಗೆ ಚಹಾ ಕೆಟ್ಟಿದೆ ಎನ್ನಲು ಬಾಯಾದರೂ ಹೇಗೆ ಬರಬೇಕು? ಡ್ರೈವರುಗಳೂ ಹಾಗೆಯೇ ಅಂದರು. ಒಬ್ಬರೂ ಹೋಟೆಲು ಬದಲಿಸಲಿಲ್ಲ.

ಕೊನೆಗೊಂದು ದಿನ ಬಂದೇನವಾಜ್ ಪೇಪರು ಬೀಸುತ್ತ ಬಸ್ಸಿನ ಹತ್ತಿರವೇ ಓಡಿ ಬಂದ. ಬರುವ ರವಿವಾರ ಎರಡನೇ ಭಾಗ! ಅವತ್ತು ದಾರಿಯಲ್ಲಿ ಎಲ್ಲೂ ಬಸ್ಸು ನಿಲ್ಲಿಸಗೊಡಲಿಲ್ಲ; ಕೈ ಮಾಡಿದವರೆಲ್ಲ ನನ್ನನ್ನು ಬೈದಿರಬೇಕು.

ರವಿವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೀವಿಯ ಮುಂದೆ ಶೇವಂತಕ್ಕ, ಪಕ್ಕದಲ್ಲಿ ತುಂಬಿದ ಕಪ್ಪು ಹಿಡಿದು ದಿಗಂಬರ. ಯಾರೋ ಮುದುಕ ಬೇರು ತಂದ, ರಸ ಹಿಂಡಿದ. ತೂಫಾನವೀರ ಕಣ್ಣು ತೆರೆದ.

ಮುಖ ಬೇರೆ. ಹಿಂದಿನ ನಟನನ್ನು ತೆಗೆದು ಹೊಸಬನನ್ನು ಹಾಕಿದ್ದರು.

ಎಲ್ಲರೂ ಶೇವಂತಕ್ಕನನ್ನೇ ನೋಡಿದೆವು. ಅವಳು ಬಹಳ ಹೊತ್ತು ತೆರೆಯನ್ನೇ ನೋಡಿ, “ಕಣ್ಣಂತೂ ತೆರದಾನ. ಹರಕಿ ಮುಟ್ತು” ಎಂದು ಕಪ್ಪು ತೆಗೆದುಕೊಂಡಳು. ತುಟಿಯತನಕ ಒಯ್ದವಳು ತಡೆದಳು.

“ಆ ಮೊದಲಿನ ಹುಡುಗನ ಕೆಲಸ ಹೋತೇನ್ರಿ ಅಣ್ಣಾ?”

ನಾನು ತಬ್ಬಿಬ್ಬಾದೆ. “ಅಲ್ಲಕ್ಕಾ, ನೀನು ಅವನಿಗೆ ಖರೇನೇ ಬಾಣ ಬಡದದ ಅಂತ...”

“ವೇಷ ಹಾಕಿದ ಹುಡುಗ ಅಂತ ನನಗ ಗೊತ್ತಿಲ್ಲೇನ್ರಿ? ಪ್ರತಿ ಐತವಾರ ತಪ್ಪದ ನನ್ನ ಅಂಗಡಿಗಿ ಬರ್ತಿದ್ದ. ಈಗ ಎಲ್ಲಿ ಕುಂತಾನೋ, ಏನ್ ಉಂಡಾನೋ.” ಅವಳ ಕಣ್ಣುಗಳು ತುಂಬಿದ್ದವು. “ಅವಗ ಇನ್ನೊಂದು ಕೆಲಸ ಸಿಗೋತನಕ ನಾ ಸಕ್ರಿ ಬಿಟ್ಟೆ.”

ದಿಗಂಬರ ಹಣೆ ಹಣೆ ಬಡಿದುಕೊಂಡ. ಅವಳು ಪುಟ್ಟ ಪಾತ್ರೆಯಲ್ಲಿ ಸಕ್ಕರೆ ಇಲ್ಲದ ಚಹಾ ಬೇರೆ ಕಾಸಿಕೊಂಡು, ಕಣ್ಣು ಮುಚ್ಚಿ ಕುಡಿದಳು. ಅವಳು ರುಚಿ ನೋಡಲಾಗದ ದೊಡ್ಡ ಪಾತ್ರೆಯ ಸಿಹಿ ಚಹಾ ಮಾತ್ರ ಮತ್ತೆ ನಮ್ಮ ಹಣೆಬರಹಕ್ಕೇ ಬಿತ್ತು.

ಮರುವರ್ಷ ಹುಮನಾಬಾದಿನಲ್ಲಿ ಊಟಕ್ಕೆ ಕುಳಿತಿದ್ದಾಗ ಟೀವಿಯಲ್ಲಿ ಸಾಬೂನಿನ ಜಾಹೀರಾತು ಬಂತು. ಬಕೆಟ್ಟಿನ ಮುಂದೆ ಕುಳಿತು, ನೊರೆ ಹಾರಿಸಿ, ಬನಿಯನ್ ತಿಕ್ಕುತ್ತಿದ್ದವನು ಅವನೇ! ನಾನು ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಬಸವಕಲ್ಯಾಣ ಮುಟ್ಟಿದ್ದೇ ಬಾಗಿಲಿನಿಂದಲೇ ಕೂಗಿದೆ: “ಅಕ್ಕಾ, ಹುಡುಗಗ ಕೆಲಸ ಸಿಕ್ಕದ!”

ಕಣ್ಣಾರೆ ಕಾಣದೆ ನಂಬುವವಳಲ್ಲ. ಸಂಜೆಯ ಟ್ರಿಪ್ಪಿಗೆ ನಾನು ಮತ್ತೆ ಬರುವತನಕ ಟೀವಿ ಹಚ್ಚಿ ಕುಳಿತಿದ್ದಳು. ಜಾಹೀರಾತು ಬಂದಾಗ ಎದ್ದು ನಿಂತು, “ಬಟ್ಟಿ ಒಗದ್ರೇನಾತು, ದುಡದು ಉಣ್ಣಾಕತ್ತಾನ” ಎಂದು ಬಾಯಿ ತುಂಬ ನಕ್ಕಳು. ನಮಗೆಂದು ಕಾಸಿದ್ದ ದೊಡ್ಡ ಪಾತ್ರೆಯಿಂದಲೇ ಕಪ್ಪಿಗೆ ಬಗ್ಗಿಸಿ ಒಂದು ದೊಡ್ಡ ಗುಟುಕು ಕುಡಿದಳು.

ಅವಳ ಮುಖ ಹುಳ್ಳಗಾಯಿತು. ಕಪ್ಪನ್ನು ನೋಡಿದಳು, ಬಾಕಿನ ಮೇಲೆ ಸಾಲಾಗಿ ಕುಳಿತ ನಮ್ಮನ್ನು ನೋಡಿದಳು.

“ಇಷ್ಟು ದಿನ ಇದನ್ನೇ ಕುಡದ್ರೇನ್ರಪ್ಪಾ?”

ಅವಳು ಪಾತ್ರೆಯ ಚಹಾ ಪೂರ್ತಿ ಚೆಲ್ಲಿ, ಹೊಸದಾಗಿ ಹಾಲಿಟ್ಟಳು.