ಎರಡನೇ ಹಾಡಿನ ಹೊತ್ತಿನ ಬಸ್ಸು

ಎಸೆಕಿಯೇಲು ಬಸ್ಸು ಓಡಿಸುವ ಪರಿ ಊರಿಗೆಲ್ಲ ನಗೆಪಾಟಲಾಗಿತ್ತು. ಸಮೋವಾದಲ್ಲಿ ಬಸ್ಸಿಗೆ ಹೊರಡುವ ಹೊತ್ತು ಅಂತ ಒಂದು ಇರುವುದಿಲ್ಲ. ಹಲಗೆಯ ಸೀಟುಗಳು ತುಂಬಬೇಕು, ಕೂತವರ ತೊಡೆಗಳೂ ತುಂಬಬೇಕು, ಆಮೇಲೆ ಡ್ರೈವರ್ ಹಾಡು ಜೋರು ಮಾಡಿ ಹೊರಡಬೇಕು. ಎಸೆಕಿಯೇಲು ಮಾತ್ರ ಗಡಿಯಾರ ನೋಡಿ ಹೊರಡುತ್ತಿದ್ದ. ಒಳಗೆ ಇಬ್ಬರೇ ಇದ್ದರೂ ಸರಿ, ಟಾರೋ ಗೆಡ್ಡೆಯ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕೈಬೀಸುತ್ತ ಓಡಿಬರುತ್ತಿದ್ದರೂ ಸರಿ.

"ಏ ಎಸೆ, ನಿಮ್ಮಮ್ಮ ನಿನ್ನ ಹೆತ್ತಾಗ ಮೊದಲು ಬಂದಿದ್ದು ನೀನೋ ಗಡಿಯಾರಾನೋ?" ಎಂದು ಮುದುಕಿ ಹಿಂದಿನಿಂದ ಕೂಗಿದರೆ ಇವನು ಕನ್ನಡಿಯಲ್ಲಿ ನೋಡಿ, "ನಾಳೆ ಬೇಗ ಬಾ ಅಜ್ಜಿ" ಎನ್ನುತ್ತಿದ್ದ. ಅದರಲ್ಲಿ ಕೊಂಕೇನೂ ಇರುತ್ತಿರಲಿಲ್ಲ. ನಾಳೆ ಬೇಗ ಬಂದರೆ ಅಜ್ಜಿಗೆ ಬಸ್ಸು ಸಿಗುತ್ತದೆ, ಇದಕ್ಕಿಂತ ಸರಳವಾದದ್ದು ಏನಿದೆ ಎಂಬುದು ಅವನ ನಂಬಿಕೆ.

ಅವನ ತಾಯಿಗೆ ಮೂವರು ಮಕ್ಕಳು. ಹಿರಿಯ ಉಎಲೆಸೆಗೆ ನಾಲ್ಕು ಜನ ತನ್ನನ್ನು ನೋಡದಿದ್ದರೆ ಅನ್ನವೇ ಇಳಿಯದು. ಅವನು ಊರ ನಡುವಿನ ದೊಡ್ಡ ಚರ್ಚಿನಲ್ಲೇ ಉಳಿದ, ಬಿಳಿ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತ. ತಂಗಿ ಫೆತು ಅಳಲೂ ಸೈ, ನಗಲೂ ಸೈ. ಅವಳು ಗಿಟಾರು ಬಾರಿಸಿ ಚಪ್ಪಾಳೆ ತಟ್ಟುವವರ ಚರ್ಚಿಗೆ ಹೋದಳು. ಅಲ್ಲಿ ವಾರಕ್ಕೊಮ್ಮೆ ಪವಿತ್ರಾತ್ಮ ಮೈಮೇಲೆ ಬಂದು ನೆಲಕ್ಕೆ ಬಿದ್ದು, ಎದ್ದು ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದಳು. "ಮೂರೂ ನನ್ನ ಹೊಟ್ಟೇಲೇ ಹುಟ್ಟಿದ್ದು. ದೇವರ ಹತ್ರ ಹೋಗ್ರೋ ಅಂದ್ರೆ ಮೂರು ದಿಕ್ಕು ಹಿಡಿದ್ವು" ಎಂದು ತಾಯಿ ಸಾಯುವ ತನಕ ಗೊಣಗಿದಳು. ಅವರವರ ಚರ್ಚನ್ನು ದೇವರು ತೋರಿಸಿದನೋ ಹುಟ್ಟುಗುಣ ತೋರಿಸಿತೋ, ಹೇಳುವುದು ಕಷ್ಟ.

ಎಸೆಕಿಯೇಲು ಶನಿವಾರವೇ ದೇವರ ದಿನ ಎನ್ನುವ ಏಳನೇ ದಿನದವರ ಚರ್ಚಿನ ಕಡೆ ಹೋದದ್ದು ಒಂದು ಪ್ರಶ್ನೆಯಿಂದ. ಹಂದಿ ತಿನ್ನಬೇಡಿ ಅಂತ ಗ್ರಂಥದಲ್ಲಿ ಬರೆದಿದೆಯಲ್ಲ, ಮತ್ತೆ ನಾವು ಯಾಕೆ ತಿನ್ನುತ್ತೇವೆ ಎಂದು ಹುಡುಗನಾಗಿದ್ದಾಗ ದೊಡ್ಡ ಚರ್ಚಿನ ಪಾದ್ರಿಯನ್ನು ಕೇಳಿದ್ದ. ಸುಟ್ಟ ಹಂದಿಯ ಮುಂದೆ ಕೂತಿದ್ದ ಪಾದ್ರಿ, "ಹಬ್ಬದ ದಿನ ಇಂಥದ್ದೆಲ್ಲ ಕೇಳಬಾರದಪ್ಪ" ಎಂದು ನಕ್ಕುಬಿಟ್ಟ. ಅದೇ ಪ್ರಶ್ನೆಯನ್ನು ಊರ ಅಂಚಿನ ಸಣ್ಣ ಚರ್ಚಿನಲ್ಲಿ ಕೇಳಿದಾಗ ಅವರು ಗ್ರಂಥ ಬಿಚ್ಚಿ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ತಿನ್ನಬಾರದು ಅಂದರೆ ತಿನ್ನಬಾರದು. ಏಳನೇ ದಿನ ಕೆಲಸ ಬೇಡ ಅಂದರೆ ಬೇಡ. ಆ ಬೆರಳನ್ನು ಅವನು ಪ್ರೀತಿಸಿದ. ಬೇರೆಯವರು ದೇವರ ಮಾತು ಬಂದಾಗ ಕಣ್ಣು ಮುಚ್ಚುತ್ತಾರೆ, ಇವನು ಕಣ್ಣಗಲಿಸಿ ಸಾಲು ಹುಡುಕುವವನು.

ಅವನು ಮದುವೆಯಾದ ಸಿನಿರಾ ಮಾತ್ರ ಬೇರೆಯೇ ಜೀವ. ಹವಳದ ಬಂಡೆಗಳ ನಡುವೆ ಆಕ್ಟೋಪಸ್ ಹಿಡಿಯುವವರ ಮನೆಯ ಮಗಳು, ಮೇಲಿನ ದನಿಯ ಹಾಡುಗಾರ್ತಿ, ಕೂತಲ್ಲಿ ನಾಲ್ಕು ಜನರನ್ನು ನಗಿಸುವವಳು. ನನ್ನ ಚರ್ಚಿಗೆ ಬರಬೇಕಾಗುತ್ತದೆ ಎಂದು ಅವನು ಗಂಭೀರವಾಗಿ ಹೇಳಿದಾಗ ಅವಳು ಕೇಳಿದ್ದು ಒಂದೇ.

"ಅಲ್ಲಿ ನಿನ್ನ ಪಕ್ಕ ಕೂತು ಹಾಡೋಕೆ ಬಿಡ್ತಾರಾ?"

"ಬಿಡ್ತಾರೆ. ಆದ್ರೆ ಆಕ್ಟೋಪಸ್ ತಿನ್ನೋ ಹಾಗಿಲ್ಲ."

"ಥೂ, ನಿಮ್ಮ ದೇವರ ನಾಲಿಗೆ ಸತ್ತೋಗಿದೆ ಕಣೋ. ಆಗಲಿ, ಬರ್ತೀನಿ."

ಬಂದಳು. ತೆಂಗಿನಹಾಲಿನಲ್ಲಿ ಬೆಂದ ಆಕ್ಟೋಪಸ್ಸಿನ ಘಮ ಪಕ್ಕದ ಮನೆಯಿಂದ ಬಂದರೆ, "ವಾಸನೆ ಕುಡಿದ್ರೆ ಪಾಪ ಇಲ್ಲ ತಾನೆ?" ಎಂದು ಗಂಡನನ್ನು ಕೆಣಕುತ್ತಿದ್ದಳು. ಅವನು ನಿಜಕ್ಕೂ ಗ್ರಂಥ ತೆಗೆದು ನೋಡುತ್ತಿದ್ದ. ಪ್ರತಿ ಶನಿವಾರ ಕಿಟಕಿ ಪಕ್ಕದ ಬೆಂಚಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಹಾಡುತ್ತಿದ್ದರು, ಅವಳು ಮೇಲಿನ ದನಿ, ಅವನು ತಳದ ದನಿ. ಬದುಕಿನಲ್ಲಿ ಅವನು ಲೆಕ್ಕ ಇಡದೆ ಮಾಡಿದ ಕೆಲಸ ಅದೊಂದೇ. ಮಗಳು ತಿಮೇನಾ ಬೆಳೆದು, ಮದುವೆಯಾಗಿ, ಸಮುದ್ರದಾಚೆ ಅಮೆರಿಕದವರ ಸಮೋವಾಕ್ಕೆ, ಪಾಂಗೋ ಪಾಂಗೋ ಊರಿಗೆ ಹೋದಳು. ಇವರಿಬ್ಬರೂ ಹಾಡುತ್ತಲೇ ಇದ್ದರು.

ಆಮೇಲೆ ಸರ್ಕಾರ ಒಂದು ಶುಕ್ರವಾರವನ್ನು ಕಿತ್ತು ಹಾಕಿತು. ವ್ಯಾಪಾರವೆಲ್ಲ ಆಸ್ಟ್ರೇಲಿಯ, ನ್ಯೂಜಿಲೆಂಡಿನ ಜೊತೆ. ಅವರಿಗೆ ಸೋಮವಾರವಾದಾಗ ನಮಗೆ ಭಾನುವಾರ ಯಾಕೆ ಎಂದು ಸಮುದ್ರದ ನಡುವೆ ತಾರೀಖು ಬದಲಾಗುವ ಗೆರೆಯ ಆಚೆ ಬದಿಗೆ ದೇಶವನ್ನೇ ದಾಟಿಸಿದರು. ಆ ವರ್ಷದ ಕೊನೆಯ ವಾರ ಜನ ಗುರುವಾರ ರಾತ್ರಿ ಮಲಗಿ ಶನಿವಾರ ಬೆಳಿಗ್ಗೆ ಎದ್ದರು. ಉಳಿದವರಿಗೆ ಅದೊಂದು ತಮಾಷೆ. ಏಳನೇ ದಿನದವರಿಗೆ ಸಿಡಿಲು. ನಡುವೆ ಒಂದು ದಿನ ಹಾರಿದರೆ, ಕ್ಯಾಲೆಂಡರಿನಲ್ಲಿ ಶನಿವಾರ ಅಂತ ಬರೆದದ್ದು ನಿಜವಾಗಿ ಆರನೇ ದಿನ. ದೇವರ ಏಳನೇ ದಿನ ಬೀಳುವುದು ಭಾನುವಾರಕ್ಕೆ. ಹಾಗಾದರೆ ಆರಾಧನೆ ಎಂದು?

ಸಣ್ಣ ಚರ್ಚಿನ ಪಾದ್ರಿ ನೆಹೆಮಿಯಾ ಪೀಠದ ಮೇಲೆ ಗುದ್ದಿ ಹೇಳಿದ. "ದೇವರು ಇಟ್ಟ ದಿನಾನ ಸರ್ಕಾರ ಕದಿಯೋಕಾಗಲ್ಲ! ಎಣಿಸಿ ನೋಡ್ರಿ, ಎಣಿಸೋಕೆ ಬರೋರೆಲ್ಲ ನನ್ನ ಜೊತೆ ಬರ್ರಿ!"

ಎಣಿಸಲು ಎಸೆಕಿಯೇಲುವಿಗಿಂತ ಚೆನ್ನಾಗಿ ಯಾರಿಗೆ ಬರುತ್ತಿತ್ತು? ಅವನು ಪಾದ್ರಿಯ ಹಿಂದೆ ಹೊರಟ. ಅವರ ಗುಂಪು ಪಾದ್ರಿಯ ಮನೆಯ ಜಗಲಿಯಲ್ಲಿ ಭಾನುವಾರ ಕೂಡತೊಡಗಿತು. ಚರ್ಚಿನ ಕಟ್ಟಡ, ಹಾಡಿನ ಗುಂಪು, ಆ ಗುಂಪನ್ನು ನಡೆಸುತ್ತಿದ್ದ ಸಿನಿರಾಳ ಅಕ್ಕ ಲೋಸಾ, ಎಲ್ಲ ಶನಿವಾರದ ಕಡೆ ಉಳಿದರು. ಸಿನಿರಾ ಕೂಡ.

"ಹಾಡೋರು ಯಾವತ್ತು ಸೇರ್ತಾರೋ ಅವತ್ತೇ ನನ್ನ ದೇವರ ದಿನ" ಎಂದಳು.

"ಅದು ಶುಕ್ರವಾರ ಸಿನಿರಾ! ಪಾಂಗೋ ಪಾಂಗೋದವರು ಗೆರೆ ದಾಟಲಿಲ್ಲ, ಅಲ್ಲಿ ತಿಮೇನಾ ಇವತ್ತು ಶುಕ್ರವಾರ ಅಂತಾಳೆ. ಫೋನ್ ಮಾಡಿ ಕೇಳು."

"ತಿಮೇನಾ ಅಲ್ಲಿದಾಳೆ. ನಾನು ಇಲ್ಲಿದೀನಿ. ನೀನೆಲ್ಲಿದೀಯೋ ನೀನೇ ಹೇಳು ಮಾರಾಯ."

ಒಂದೇ ಮನೆಯಲ್ಲಿ ಎರಡು ವಾರಗಳು ನಡೆಯತೊಡಗಿದವು. ಅವಳ ಪವಿತ್ರ ದಿನ ಇವನಿಗೆ ದುಡಿಮೆಯ ದಿನ. ಇವನ ಪವಿತ್ರ ದಿನ ಅವಳು ಒಲೆ ಹಚ್ಚಿದರೆ ಇವನು ಮುಖ ಊದಿಸುತ್ತಿದ್ದ, ಹಚ್ಚದಿದ್ದರೆ ಹಸಿದು ಕೂರುತ್ತಿದ್ದ. ಮೊದಮೊದಲು ಇಬ್ಬರೂ ನಕ್ಕರು. ಆಮೇಲಾಮೇಲೆ ಅವಳೊಬ್ಬಳೇ ನಗುತ್ತಿದ್ದಳು. ಆಮೇಲೆ ಅದೂ ಕಡಿಮೆಯಾಯಿತು.

ಶನಿವಾರ ಎಂದರೆ ಅಪಿಯಾ ಪಟ್ಟಣದ ಸಂತೆಯ ಜನ. ಎಸೆಕಿಯೇಲುವಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟು ಆ ಸಣ್ಣ ಚರ್ಚಿನ ಮುಂದೆ ಹಾಯುವಾಗ ಒಳಗೆ ಎರಡನೇ ಹಾಡು ನಡೆದಿರುತ್ತಿತ್ತು. ಚರ್ಚಿನ ಪಕ್ಕದ, ಹಲಸಿನಂಥ ಕಾಯಿ ಬಿಡುವ ದೊಡ್ಡ ಬ್ರೆಡ್‌ಫ್ರೂಟ್ ಮರ ಬಂದಕೂಡಲೇ ಬಸ್ಸಿನ ಹಾಡು ನಿಲ್ಲಿಸುತ್ತಿದ್ದ. ಕಿಟಕಿಯಲ್ಲಿ ಸಿನಿರಾ, ಅವಳ ಪಕ್ಕ ಒಬ್ಬರು ಕೂರುವಷ್ಟು ಖಾಲಿ ಜಾಗ. ಬಸ್ಸು ಕಂಡದ್ದೇ ಅವಳು ಹಾಡುತ್ತಲೇ ತನ್ನ ಗರಿಯ ಬೀಸಣಿಗೆ ಎತ್ತುತ್ತಿದ್ದಳು. ಅವನಿಗೆ ಕಾಣುತ್ತಿತ್ತು. ಡ್ರೈವರ್ ಆದವನು ರಸ್ತೆ ನೋಡಬೇಕು ಎಂದು ರಸ್ತೆಯನ್ನೇ ನೋಡುತ್ತಿದ್ದ. ಒಂದು ಕೈ ಎತ್ತಲಿಲ್ಲ. ಎತ್ತಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಕೈ ಎತ್ತಿದರೆ ಆ ದಿನವನ್ನು ಒಪ್ಪಿದಂತೆ ಎಂದು ಅವನೊಳಗಿನ ಗಡಿಯಾರ ಹೇಳುತ್ತಿತ್ತು.

"ಒಂದೇ ಒಂದು ಶನಿವಾರ ಬಾರೋ. ಪ್ರಾರ್ಥನೆ ಮಾಡಬೇಡ, ಸುಮ್ನೆ ಹಾಡು. ತಳದ ದನಿ ಇಲ್ದೆ ನನ್ನ ದನಿ ಗಾಳೀಲಿ ನೇತಾಡುತ್ತೆ" ಎಂದು ವರ್ಷಕ್ಕೆ ಒಂದೆರಡು ಸಲವಾದರೂ ಅವಳು ಕೇಳುತ್ತಿದ್ದಳು.

"ಲೆಕ್ಕ ಸರಿಹೋಗಲಿ, ಬರ್ತೀನಿ" ಎನ್ನುತ್ತಿದ್ದ.

ಲೆಕ್ಕ ಸರಿಹೋಗಲಿಲ್ಲ, ನೆಹೆಮಿಯಾ ಸರಿಹೋದ. ಜಗಲಿಯ ಗುಂಪು ಕರಗುತ್ತ ಕರಗುತ್ತ ಒಂದು ಚಾಪೆಗೆ ಹಿಡಿಸುವಷ್ಟಾಗಿತ್ತು. ಶನಿವಾರದವರು ಆಮೇಲೆ ತಂದುಕೊಂಡಿದ್ದ ಪಾದ್ರಿ ವಯಸ್ಸಾಗಿ ಕೆಲಸ ಬಿಟ್ಟಾಗ ಅವರು ಇವನನ್ನೇ ಕರೆದರು. ಒಂದು ಭಾನುವಾರ ಅವನು ಹೊಸ ಅಂಗಿ ತೊಟ್ಟು, ಮುಂದಿನ ವಾರದಿಂದ ಎಲ್ಲರೂ ಶನಿವಾರವೇ ಅಲ್ಲಿಗೆ ಬನ್ನಿ ಎಂದ.

ಎಸೆಕಿಯೇಲುವಿಗೆ ತಾನು ಕೇಳಿದ್ದು ಸರಿಯೋ ಎಂದು ಅನುಮಾನವಾಯಿತು. "ಪಾದ್ರಿಗಳೇ, ಶನಿವಾರ ಆರನೇ ದಿನ ಅಲ್ವಾ? ನೀವೇ ಎಣಿಸಿದ್ದು."

ನೆಹೆಮಿಯಾ ಅವನ ಹೆಗಲ ಮೇಲೆ ಕೈಯಿಟ್ಟ. "ದೇವರು ದಿನ ನೋಡಲ್ಲ ಎಸೆಕಿಯೇಲು. ಹೃದಯ ನೋಡ್ತಾನೆ."

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ?"

"ಅವತ್ತು ಅವತ್ತಿನ ಬೆಳಕು, ಇವತ್ತು ಇವತ್ತಿನ ಬೆಳಕು" ಎಂದು ಪಾದ್ರಿ ನಕ್ಕ. ಹಂದಿಯ ಮುಂದೆ ಕೂತಿದ್ದ ಹಳೆಯ ಪಾದ್ರಿಯ ನಗೆಯೇ ಅದು. ಎಸೆಕಿಯೇಲು ಜಗಲಿ ಇಳಿದು ಹೊರಟ. ಮನೆಯವರೆಗೆ ನಡೆದುಬಂದ ದಾರಿ ಅವನಿಗೆ ನೆನಪಿಲ್ಲ. ಇಷ್ಟು ವರ್ಷ ಹೆಂಡತಿಯ ಪಕ್ಕದ ಜಾಗ ಬಿಟ್ಟು ಅವನು ಕೂತದ್ದು ಈ ಮನುಷ್ಯನ ಜಗಲಿಯಲ್ಲಿ. ಅವನಿಗೆ ದೇವರ ಮೇಲೂ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಸುದ್ದಿ ತಿಳಿದು ಸಿನಿರಾ ಒಂದು ಕುಹಕದ ಮಾತೂ ಆಡಲಿಲ್ಲ. ಆ ವಾರವೆಲ್ಲ ಅಡುಗೆಮನೆಯಲ್ಲಿ ಗುನುಗುತ್ತಲೇ ಇದ್ದಳು. ಶನಿವಾರ ಬೆಳಿಗ್ಗೆ ಅವನು ಸೊಂಟಕ್ಕೆ ಸುತ್ತುವ ಬಿಳಿ ಲಾವಾಲಾವಾ ಪಂಚೆ ಇಸ್ತ್ರಿಯಾಗಿ ಚಾಪೆಯ ಮೇಲೆ ಮಡಿಚಿಟ್ಟಿತ್ತು. ಅವನು ಅದನ್ನು ನೋಡಿ ಬಸ್ಸಿನ ಬೀಗದ ಕೈ ತೆಗೆದುಕೊಂಡ.

"ಯಾಕೋ? ಈಗೇನು ಅಡ್ಡಿ?"

"ಆ ಮನುಷ್ಯ ಪೀಠದ ಮೇಲೆ ನಿಂತಿರೋ ಮನೆಗೆ ಕಾಲಿಡಲ್ಲ. ಅಲ್ಲಿಗೂ ಇಲ್ಲ, ಇನ್ನೆಲ್ಲಿಗೂ ಇಲ್ಲ. ಸಾಕಾಯ್ತು."

"ನಾನು ಪೀಠದ ಹತ್ರ ಕರೀಲಿಲ್ವಲ್ಲೋ. ನನ್ನ ಪಕ್ಕಕ್ಕೆ ಕರೆದೆ." ಅವಳ ದನಿ ಒಡೆಯಿತು. "ಮೊದಲು ದಿನ ಸರಿ ಇಲ್ಲ ಅಂದೆ. ಈಗ ಪಾದ್ರಿ ಸರಿ ಇಲ್ಲ ಅಂತೀಯ. ನಿನಗೆ ಸರಿ ಇರೋದು ಆ ಬಸ್ಸೊಂದೇನಾ?"

ಹೊರಡುವ ಹೊತ್ತಾಗಿತ್ತು, ಅವನು ಬಸ್ಸು ಹತ್ತಿದ. ಎರಡನೇ ಹಾಡಿಗೆ ಚರ್ಚು ಬಂತು. ಅಷ್ಟೆಲ್ಲ ಆಡಿದ ಮೇಲೂ ಅವಳು ಬೀಸಣಿಗೆ ಎತ್ತಿದಳು. ಅವನು ರಸ್ತೆ ನೋಡಿದ.

ಮಳೆಗಾಲ ಮುಗಿಯುವ ಮೊದಲೇ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಅಪಿಯಾದ ಆಸ್ಪತ್ರೆಯಿಂದ ಮನೆಗೆ ತಂದಾಗ ಬಲಗೈ ಸತ್ತಿತ್ತು, ಮಾತು ಹೋಗಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಎಸೆಕಿಯೇಲು ಹತ್ತಿರ ಬಂದು ಕೂತರೆ ಅವಳು ಬಂದ ನೆಂಟನಿಗೆ ಮಾಡುವ ಹಾಗೆ ಕಷ್ಟಪಟ್ಟು ಪಕ್ಕಕ್ಕೆ ಸರಿದು, ಎಡಗೈಯಿಂದ ಚಾಪೆ ಸವರಿ, ಕೂತುಕೊಳ್ಳಿ ಎಂದು ಸನ್ನೆ ಮಾಡುತ್ತಿದ್ದಳು. ಗೌರವದಿಂದ ಮುಗುಳ್ನಗುತ್ತಿದ್ದಳು. ಇಷ್ಟು ವರ್ಷದ ಹೆಂಡತಿ ತನ್ನನ್ನು ಅತಿಥಿಯ ಜಾಗದಲ್ಲಿ ಕೂರಿಸುವುದನ್ನು ನೋಡಲಾರದೆ ಅವನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ.

ಲೋಸಾ ಬಂದು, "ಶನಿವಾರ ಕರ್ಕೊಂಡು ಬಾರೋ. ಹಾಡು ಕೇಳಿದ್ರೆ ಏನಾದ್ರೂ ನೆನಪಾದೀತು" ಎಂದಳು.

ಆ ಶನಿವಾರ ಅವನು ಬಿಳಿ ಲಾವಾಲಾವಾ ಉಟ್ಟ. ಅವಳು ಇಸ್ತ್ರಿ ಮಾಡಿಟ್ಟ ಮಡಿಕೆ ಹಾಗೆಯೇ ಇತ್ತು. ಹೆಂಡತಿಯನ್ನು ಎತ್ತಿಕೊಂಡು, ನೆಹೆಮಿಯಾನ ಮುಂದೆಯೇ ಹಾದು, ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರಿಸಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ತಾನು ಕೂತ. ಯಾರೂ ತಿರುಗಿ ನೋಡಲಿಲ್ಲ, ಅಷ್ಟು ಮರ್ಯಾದೆ ಊರಿಗೆ ಇತ್ತು. ಮೊದಲ ಹಾಡು ಶುರುವಾಯಿತು. ಆ ಪದಗಳ ಒಂದಕ್ಷರವನ್ನೂ ಅವನು ಈಗ ನಂಬುತ್ತಿರಲಿಲ್ಲ. ಆದರೂ ಅವಳ ಭುಜಕ್ಕೆ ಭುಜ ಕೊಟ್ಟು ತಳದ ದನಿ ಹಿಡಿದ. ಅವಳ ತುಟಿ ಅಲುಗಲಿಲ್ಲ. ಮೇಲಿನ ದನಿ ಬರಬೇಕಾದಲ್ಲಿ ಏನೂ ಬರಲಿಲ್ಲ.

ಎರಡನೇ ಹಾಡು ಎತ್ತಿದಾಗ ಸಿನಿರಾ ಎಚ್ಚೆತ್ತಳು. ಎಡಗೈ ಮಡಿಲಲ್ಲಿ ತಡಕಿ ಬೀಸಣಿಗೆ ಹಿಡಿಯಿತು. ಕತ್ತು ಕಿಟಕಿಯ ಕಡೆ ತಿರುಗಿತು. ಹಾಡು ಅರ್ಧಕ್ಕೆ ಬಂತು, ಮುಗಿಯಿತು. ರಸ್ತೆ ಖಾಲಿಯಾಗಿಯೇ ಇತ್ತು. ಅವಳು ಕಿಟಕಿಯ ಕಟ್ಟೆಗೆ ಗಲ್ಲ ಒತ್ತಿ ಬ್ರೆಡ್‌ಫ್ರೂಟ್ ಮರದ ಕಡೆ ನೋಡತೊಡಗಿದಳು. ಗಂಟಲಿನಿಂದ ಒಂದು ಅಸ್ಪಷ್ಟ ಸದ್ದು ಹೊರಟಿತು, ಕಣ್ಣಲ್ಲಿ ನೀರು ಇಳಿಯಿತು.

ಹಿಂದಿನ ಬೆಂಚಿನಿಂದ ಲೋಸಾ ಪಿಸುಗುಟ್ಟಿದಳು. "ನಿನ್ನ ಬಸ್ಸಿಗೆ ಕಾಯ್ತಿದಾಳೆ ಕಣೋ."

"ಸಿನಿರಾ, ನಾನು ಇಲ್ಲೇ ಇದೀನಿ" ಎಂದ ಎಸೆಕಿಯೇಲು. "ನೋಡು ಇಲ್ಲಿ. ನಿನ್ನ ಪಕ್ಕದಲ್ಲೇ ಇದೀನಿ."

ಅವಳು ತಿರುಗಿ ನೋಡಿದಳು. ಕಣ್ಣೀರಿನ ನಡುವೆಯೇ ಗೌರವದಿಂದ ಮುಗುಳ್ನಕ್ಕು, ಸ್ವಲ್ಪ ಸರಿದು, ಆ ಅಪರಿಚಿತನಿಗೆ ಬೆಂಚಿನಲ್ಲಿ ಇನ್ನಷ್ಟು ಜಾಗ ಮಾಡಿಕೊಟ್ಟಳು. ಮತ್ತೆ ಕಿಟಕಿಗೆ ತಿರುಗಿದಳು.

ಅವನು ಎದ್ದು ಹೊರಗೆ ನಡೆದ. ಬಸ್ಸು ಮನೆಯ ಮುಂದೆ ನಿಂತಿತ್ತು. ಬಿಳಿ ಲಾವಾಲಾವಾ ಎತ್ತಿ ಕಟ್ಟಿಕೊಂಡು ಓಡಿದ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ತಡವಾಗಿತ್ತು. ಮರದ ಹತ್ತಿರ ಬರುವಾಗ ಒಳಗೆ ಮೂರನೆಯದೋ ನಾಲ್ಕನೆಯದೋ ಹಾಡು ನಡೆದಿತ್ತು, ಅವನು ಎಣಿಸಲಿಲ್ಲ. ವೇಗ ತಗ್ಗಿಸಿದ. ಕಿಟಕಿಯಲ್ಲಿ ಬೀಸಣಿಗೆ ಮೇಲೆದ್ದಿತು, ಬಲಗೈಯಲ್ಲಲ್ಲ, ಎಡಗೈಯಲ್ಲಿ. ಅರ್ಧ ಮುಖ ಸತ್ತಿದ್ದರೂ ಉಳಿದರ್ಧ ತುಂಬ ನಗು. ಈ ಸಲ ಅವನು ರಸ್ತೆ ಬಿಟ್ಟು ಅವಳನ್ನೇ ನೋಡಿದ, ಕೈ ಎತ್ತಿದ, ಮರ ದಾಟುವ ತನಕ ಇಳಿಸಲಿಲ್ಲ.

ಆಮೇಲೆ ಅವನು ಅವಳ ಪಕ್ಕದಲ್ಲಿ ಕೂತು ಹಾಡಲೇ ಇಲ್ಲ. ಪ್ರತಿ ಶನಿವಾರ ಲೋಸಾಳ ಕೈಗೆ ಅವಳನ್ನು ಒಪ್ಪಿಸಿ, ಎರಡನೇ ಹಾಡಿನ ಹೊತ್ತಿಗೆ ಖಾಲಿ ಬಸ್ಸು ಓಡಿಸಿಕೊಂಡು ಚರ್ಚಿನ ಮುಂದೆ ಹಾಯುತ್ತಿದ್ದ.